ನೀಲಿ, ಹಸಿರು ಮೊಟ್ಟೆ ಬೇಕಾದರೆ ಹುಂಜದಿಂದ ಶುರು ಮಾಡಿ

ಬಣ್ಣದ ಮೊಟ್ಟೆಯ ಆಸೆ ಹತ್ತಿದವರು ಹೇಂಟೆ ಹುಡುಕಿಕೊಂಡು ಹೊರಡುತ್ತಾರೆ. ಮೊದಲು ಬೇಕಾದದ್ದು ನೀಲಿ ಮೊಟ್ಟೆಯ ವಂಶದ ಒಳ್ಳೆಯ ಹುಂಜ. ಒಂದು ಹುಂಜ ಎಂಟು ಹತ್ತು ಹೇಂಟೆಗೆ ಸಾಕು, ಹಾಗಾಗಿ ಅದರ ವಂಶ ಒಂದೇ ಸಲಕ್ಕೆ ಇಡೀ ಗುಂಪಿಗೆ ಹರಡುತ್ತದೆ. ತಾಯಿಯಾಗಲು ಹಿತ್ತಲಲ್ಲಿರುವ ನಾಟಿ ಕೋಳಿ, ಹೆಬ್ಬಾಳದ ಗಿರಿರಾಜ, ಸ್ವರ್ಣಧಾರ ತಳಿಗಳೇ ಆಗುತ್ತವೆ.

ಒಂದು ಕಂದು ಮೊಟ್ಟೆ ಒಡೆದು, ಒಳಗಿನ ತೆಳು ಪೊರೆ ಸುಲಿದು ಚಿಪ್ಪು ನೋಡಿ. ಹೊರಗೆ ಎಷ್ಟೇ ಗಾಢವಾಗಿರಲಿ, ಒಳಗೆ ಬಿಳಿ. ಕಂದು ಬಣ್ಣ ಗೋಡೆಗೆ ಬಳಿದ ಸುಣ್ಣದ ಹಾಗೆ, ಮೊಟ್ಟೆ ಹೊರಬರುವ ಮುಂಚಿನ ಕೊನೆಯ ಕೆಲವು ಗಂಟೆಗಳಲ್ಲಿ ಮೇಲೆ ಕೂರುವುದು. ನೀಲಿ ಹಾಗಲ್ಲ. ಅದು ಬಿಲಿವರ್ಡಿನ್ ಎಂಬ ವರ್ಣದ್ರವ್ಯ. ಚಿಪ್ಪು ಕಟ್ಟುವಾಗಲೇ ಸೇರಿಕೊಂಡು ಒಳಗೂ ಹೊರಗೂ ಒಂದೇ ಬಣ್ಣ ಕೊಡುತ್ತದೆ. ನೀಲಿ ಚಿಪ್ಪಿನ ಮೇಲೆ ತೆಳು ಕಂದು ಬಿದ್ದರೆ ಹಸಿರು, ದಟ್ಟ ಕಂದು ಬಿದ್ದರೆ ಆಲಿವ್. ಆನ್‌ಲೈನಿನಲ್ಲಿ, ನೀಲಿ ಮೊಟ್ಟೆ ಇಡುವ ಅಮೆರೌಕಾನ ತಳಿಯ ಮೊಟ್ಟೆ ಎಂದು ದುಬಾರಿ ಬೆಲೆಗೆ ಮಾರುವವರಿದ್ದಾರೆ. ಡಜನ್ ತಗೊಂಡರೆ ಒಂದನ್ನು ಒಡೆದು ಒಳಮೈ ನೋಡಿ. ಒಳಗೆ ಬಿಳಿ ಕಂಡರೆ ಅದನ್ನು ಇಟ್ಟ ಹೇಂಟೆಯಲ್ಲಿ ನೀಲಿಯ ವಂಶ ಇಲ್ಲ, ಮೇಲೆ ಬಣ್ಣ ಹಚ್ಚಿರಲೂಬಹುದು. ಇನ್ನು ಕಡಕ್‌ನಾಥ್ ಕಪ್ಪು ಮೊಟ್ಟೆ ಇಡುತ್ತದೆ ಎನ್ನುವುದು ಸುಳ್ಳು. ಅದರ ಮೊಟ್ಟೆ ತಿಳಿ ಕಂದು.

ನೀಲಿಗೆ ಒಂದೇ ವಂಶವಾಹಿ, ಅದೂ ಪ್ರಬಲವಾದದ್ದು. ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಜೋಡಿ, ಒಬ್ಬರಿಂದ ಬಂದಿದ್ದರೆ ಒಂಟಿ ಎನ್ನೋಣ. ಜೋಡಿ ಹುಂಜವನ್ನು ಯಾವ ಹೇಂಟೆಗೆ ಕೂಡಿಸಿದರೂ ಹೆಣ್ಣು ಮರಿಗಳೆಲ್ಲ ನೀಲಿ ಇಲ್ಲವೇ ಹಸಿರು ಇಡುತ್ತವೆ. ಒಂಟಿಯಾದರೆ ಅರ್ಧಕ್ಕರ್ಧ ಮಾತ್ರ. ಬಿಳಿ ಮೊಟ್ಟೆ ಇಡುವ ಬಿಳಿ ಲೆಗಾರ್ನ್ ಹೇಂಟೆಗೆ ಕೂಡಿಸಿದರೆ ತಿಳಿ ನೀಲಿ, ಕಂದು ಮೊಟ್ಟೆಯ ಗಿರಿರಾಜ ಅಥವಾ ರೋಡ್ ಐಲೆಂಡ್ ರೆಡ್‌ಗೆ ಕೂಡಿಸಿದರೆ ಹಸಿರು. ಗಾಢ ಆಲಿವ್‌ಗೆ ಮರಾನ್ಸ್ ಥರದ ಚಾಕೊಲೇಟ್ ಬಣ್ಣದ ಮೊಟ್ಟೆಯ ತಳಿಯೇ ಬೇಕು. ಕಂದು ಹಲವು ವಂಶವಾಹಿಗಳ ಕೂಟವಾದ್ದರಿಂದ ಒಂದೇ ತಲೆಮಾರಿನಲ್ಲಿ ಪೂರ್ತಿ ಬರುವುದಿಲ್ಲ. ಮೊದಲ ಆಲಿವ್ ಹೆಣ್ಣುಗಳನ್ನು ಮತ್ತೆ ಮರಾನ್ಸ್ ಹುಂಜಕ್ಕೆ ಕೂಡಿಸಿದರೆ ಅರ್ಧದಷ್ಟು ಹೆಣ್ಣು ಮರಿಗಳು ಇನ್ನೂ ಗಾಢ ಆಲಿವ್ ಇಡುತ್ತವೆ, ಉಳಿದರ್ಧ ಬರೀ ಕಂದು.

ಹುಂಜ ಮೊಟ್ಟೆ ಇಡುವುದಿಲ್ಲವಲ್ಲ, ಜೋಡಿಯೋ ಒಂಟಿಯೋ ಗೊತ್ತಾಗುವುದು ಹೇಗೆ? ಜುಟ್ಟು ನೋಡಿ. ಅಮೆರೌಕಾನದ ನೀಲಿ ವಂಶವಾಹಿ ಮೂರು ಸಾಲು ಗುಬುಟಿನ ಗಿಡ್ಡ ಜುಟ್ಟಿನ ಜೊತೆಗೇ ಅಂಟಿಕೊಂಡು ಸಾಗುತ್ತದೆ, ತಪ್ಪುವುದು ನೂರಕ್ಕೆ ಸುಮಾರು ಐದು ಸಲ. ಉದ್ದ ಗರಗಸದಂಥ ಜುಟ್ಟಿನ ಹೇಂಟೆಗಳಿಗೆ ಆ ಹುಂಜವನ್ನು ಕೂಡಿಸಿ, ಏಳೆಂಟು ಮರಿ ಮಾಡಿಸಿ. ಎಲ್ಲಕ್ಕೂ ಗಿಡ್ಡ ಜುಟ್ಟೇ ಬಂದರೆ ಹುಂಜ ಬಹುತೇಕ ಜೋಡಿ. ಒಂದೆರಡಕ್ಕೆ ಉದ್ದ ಜುಟ್ಟು ಬಂದರೆ ಒಂಟಿ. ಹೀಗೆ ಮಾಡಿದರೆ ಮರಿಗಳು ಮೊಟ್ಟೆಗೆ ಬರುವ ಐದಾರು ತಿಂಗಳು ಕಾಯುವುದು ತಪ್ಪುತ್ತದೆ. ಎಚ್ಚರ: ಅಸೀಲ್ ಕೋಳಿಗೂ ಇಂಥದೇ ಜುಟ್ಟಿದೆ, ಆದರೆ ಅದರಲ್ಲಿ ನೀಲಿ ಇಲ್ಲ. ನಾಟಿ ಕೋಳಿಯಲ್ಲಿ ಅಸೀಲ್ ರಕ್ತ ಬೆರೆತಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ. ಕ್ರೀಮ್ ಲೆಗ್‌ಬಾರ್ ತಳಿ ಇದಕ್ಕೆ ತಿರುಗುಮುರುಗು, ಅದಕ್ಕೆ ಉದ್ದ ಜುಟ್ಟಿದ್ದೂ ನೀಲಿ ಮೊಟ್ಟೆ.

ಹಳೆಯ ಹುಂಜ ತೆಗೆದ ಮೇಲೆ ಮೂರು ವಾರ ಕಳೆದ ನಂತರದ ಮೊಟ್ಟೆಗಳನ್ನೇ ಕಾವಿಗೆ ಇಡಿ. ಹೇಂಟೆಯ ಹೊಟ್ಟೆಯಲ್ಲಿ ಹಿಂದಿನ ಹುಂಜದ ವೀರ್ಯ ಅಷ್ಟು ದಿನ ಉಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಆಯ್ದ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು, ಹೇಂಟೆಯ ಗುರುತು ಬರೆದು, ಚೂಪು ತುದಿ ಕೆಳಗೆ ಮಾಡಿ, ಮನೆಯ ತಣ್ಣನೆಯ ಮೂಲೆಯಲ್ಲಿಡಿ. ಫ್ರಿಜ್ ಬೇಡ. ಏಳು ದಿನ ದಾಟಿಸಬೇಡಿ, ಬೇಸಿಗೆಯಲ್ಲಿ ನಾಲ್ಕೈದೇ ಸಾಕು.

ಕಾವಿಗೆ ಕೂತ ನಾಟಿ ಹೇಂಟೆ ಇದ್ದರೆ ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ, ಹತ್ತು ಹನ್ನೆರಡು ಮೊಟ್ಟೆ ಇಡಿ. ಫ್ಯಾನ್ ಇರುವ ಇನ್‌ಕ್ಯುಬೇಟರ್ ಆದರೆ 37.5 ಡಿಗ್ರಿ, ತೇವಾಂಶ ಮೊದಲ 18 ದಿನ ಶೇಕಡಾ 45ರಿಂದ 55, ಆಮೇಲೆ 65ರಿಂದ 70. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದ ಒಣ ಗಾಳಿಗೆ ನೀರಿನ ತಟ್ಟೆ ಬೇಗ ಬತ್ತುತ್ತದೆ, ದಿನಕ್ಕೆರಡು ಸಲ ನೋಡಿ. ಮಳೆಗಾಲದಲ್ಲಿ ನೀರು ಕಡಿಮೆ ಮಾಡಿ, ಇಲ್ಲದಿದ್ದರೆ ಮರಿ ಚಿಪ್ಪಿನೊಳಗೇ ಉಸಿರು ಕಟ್ಟುತ್ತದೆ. ದಿನಕ್ಕೆ ಮೂರರಿಂದ ಐದು ಸಲ ಹೊರಳಿಸಿ, 18ಕ್ಕೆ ನಿಲ್ಲಿಸಿ, 21ಕ್ಕೆ ಮರಿ. ಕರೆಂಟ್ ಹೋದರೆ ಮುಚ್ಚಳ ತೆಗೆಯದೆ ಮೇಲೆ ಕಂಬಳಿ ಹೊದಿಸಿ. ಒಳಗೆ ಮರಿ ಬೆಳೆಯುತ್ತಿದೆಯೇ ಎಂದು ಟಾರ್ಚ್ ಹಿಡಿದು ನೋಡುವಾಗ ಬಿಳಿ ಮೊಟ್ಟೆ ಏಳನೇ ದಿನಕ್ಕೇ ಸ್ಪಷ್ಟ; ಹಸಿರು, ಆಲಿವ್ ಚಿಪ್ಪಿನಲ್ಲಿ ಬೆಳಕು ಹಾಯುವುದು ಕಷ್ಟ, ಹತ್ತನೇ ದಿನದವರೆಗೆ ಗೊಡ್ಡು ಎಂದು ಎಸೆಯಬೇಡಿ.

ಮರಿ ಒಣಗಿದ ಕೂಡಲೇ ಕಾಲಿಗೆ ಬಣ್ಣದ ಉಂಗುರ ಹಾಕಿ, ಬೆಳೆದಂತೆ ದೊಡ್ಡದಕ್ಕೆ ಬದಲಾಯಿಸಿ. ಇಲ್ಲವಾದರೆ ಅದು ಮಾಂಸಕ್ಕೆ ಕಚ್ಚುತ್ತದೆ. ಕೊಕ್ಕರೆ ರೋಗ (ರಾಣಿಖೇತ್) ತಡೆಯುವ ಲಸೋಟ ಎಂಬ ಲಸಿಕೆಯ ಹನಿಯನ್ನು ಮೊದಲ ವಾರದಲ್ಲೇ ಹಾಕಿಸಿ. ಸೊಳ್ಳೆ ಹೆಚ್ಚಿರುವ ಬಡಾವಣೆಯಲ್ಲಿ ಕೋಳಿ ಸಿಡುಬಿನ ಲಸಿಕೆಯನ್ನೂ ಬಿಡಬೇಡಿ.

ಹೆಣ್ಣುಗಳು ಮೊಟ್ಟೆಗೆ ಬಂದಾಗ ಮೊದಲ ಮೊಟ್ಟೆಗೇ ಮಾರುಹೋಗಬೇಡಿ. ಶುರುವಿನ ಕಂದು ದಟ್ಟವಾಗಿದ್ದು, ತಿಂಗಳು ಕಳೆದಂತೆ ತಿಳಿಯಾಗುತ್ತದೆ. ಎರಡು ತಿಂಗಳು ಇಟ್ಟ ಮೇಲೂ ಬಣ್ಣ ಉಳಿಸಿಕೊಂಡ ಹೇಂಟೆಯನ್ನೇ ಮುಂದಿನ ಕೂಟಕ್ಕೆ ಆರಿಸಿ. ಸೊಪ್ಪು, ಕೆಂಪು ಮೆಣಸಿನಕಾಯಿ, ಅರಿಶಿನ ತಿನ್ನಿಸಿ ಚಿಪ್ಪಿನ ಬಣ್ಣ ತರಲಾಗದು, ಅದರಿಂದ ಬದಲಾಗುವುದು ಒಳಗಿನ ಹಳದಿ ಭಂಡಾರ ಮಾತ್ರ. ಕಂದು ಇದ್ದಕ್ಕಿದ್ದಂತೆ ಪೇಲವವಾಗಿ ಚಿಪ್ಪೂ ಸುಕ್ಕಾದರೆ ಉಸಿರಾಟದ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ. ಬೇಸಿಗೆಯಲ್ಲಿ ಚಿಪ್ಪು ತೆಳುವಾದರೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ತಾವೇ ತಿನ್ನುತ್ತವೆ. ಅಣ್ಣ ತಂಗಿ ಮರಿಗಳನ್ನೇ ಮತ್ತೆ ಮತ್ತೆ ಕೂಡಿಸುತ್ತಾ ಹೋದರೆ ಮೊಟ್ಟೆ ಒಡೆದು ಮರಿಯಾಗುವ ಪ್ರಮಾಣ ಇಳಿಯುತ್ತದೆ. ಎರಡು ತಲೆಮಾರಿಗೊಮ್ಮೆ ಹೊರಗಿನ ಹುಂಜ ತನ್ನಿ, ಅದನ್ನೂ ಜುಟ್ಟಿನ ಪರೀಕ್ಷೆಗೆ ಒಡ್ಡಿಯೇ ಗುಂಪಿಗೆ ಬಿಡಿ.