ರೈಲಿನಲ್ಲಿ ನಾನು ನಿದ್ದೆ ಮಾಡಿರಲಿಲ್ಲ

ತಪ್ಪು ರೈಲು ಹತ್ತಿ ಎರಡು ಗಂಟೆ ಇನ್ನೆಲ್ಲಿಗೋ ಹೋದ ಕಥೆಯನ್ನು ನಾನು ಹತ್ತು ವರ್ಷ ಹೇಳಿದ್ದೇನೆ. ನಾಲ್ಕು ಜನ ಸೇರಿದರೆ ಸಾಕು, "ಆ ರೈಲಿಂದು ಹೇಳೇ" ಅನ್ನುತ್ತಿದ್ದರು. ಹತ್ತಿದ ಕೂಡಲೇ ನಿದ್ದೆ ಹೋದೆ, ಟಿಕೆಟ್ ನೋಡುವವರು ಬಂದಾಗಲೇ ಗೊತ್ತಾಗಿದ್ದು ಅಂತ ಕಣ್ಣುಜ್ಜಿಕೊಂಡು ನಟಿಸಿ ತೋರಿಸುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಇಷ್ಟು ನಗಿಸೋದನ್ನು ಯಾರು ತಾನೇ ಬೇಡ ಅಂತಾರೆ ಅಂದುಕೊಂಡು ಒಂದೇ ರಾತ್ರಿ ಪ್ರಬಂಧವಾಗಿ ಬರೆದು ಪ್ರಕಟಣೆಗೆ ಕಳಿಸಿದೆ.

ವಾಪಸ್ ಬಂತು. ಸಂಪಾದಕರು ಎರಡೇ ಪದ ಬರೆದಿದ್ದರು: "ನಕ್ಕೆ. ಆಮೇಲೆ?"

ಸಿಟ್ಟು ಬಂತು. ವಾರ ಬಿಟ್ಟು ಓದಿದರೆ ನನಗೇ ನಗು ಬರಲಿಲ್ಲ. ಬಾಯಲ್ಲಿ ಹೇಳುವಾಗ ಅರ್ಧ ಕೆಲಸ ಮುಖ, ಕೈ ಮಾಡಿಬಿಡುತ್ತವೆ. ಕೇಳುವವರಿಗೂ ನನ್ನ ಪರಿಚಯ ಇರುತ್ತದೆ. ಹಾಳೆಯ ಮೇಲೆ ಅದ್ಯಾವುದೂ ಇಲ್ಲ. ಯಾರೋ ಒಬ್ಬಳು ತಪ್ಪು ರೈಲು ಹತ್ತಿದರೆ ಓದುವವರಿಗೇನು, ಅಲ್ವಾ?

ಆಗ ಕಥೆಯನ್ನು ಪಕ್ಕಕ್ಕಿಟ್ಟು, ಆ ಎರಡು ಗಂಟೆಯಲ್ಲಿ ನೆನಪಿರೋದನ್ನೆಲ್ಲ ಸುಮ್ನೆ ಗೀಚುತ್ತಾ ಹೋದೆ. ಕಿಟಕಿಯ ಸರಳಿನ ತುಕ್ಕು ಅಂಗೈಗೆ ಅಂಟಿದ್ದು. ಎದುರು ಕೂತಿದ್ದ ಅಜ್ಜಿ, ಅವರ ಮಡಿಲಲ್ಲಿ ಬಾಯಿ ಬಿಗಿದ ಬಟ್ಟೆ ಚೀಲ. ಎರಡನೇ ನಿಲ್ದಾಣದ ಬೋರ್ಡು ಓದಿದಾಗ ಹೊಟ್ಟೆಯಲ್ಲಿ ಆದ ತಳಮಳ. ಅಲ್ಲಿ ಪೆನ್ನು ನಿಂತಿತು. ನಿದ್ದೆಯಲ್ಲಿದ್ದವಳು ಬೋರ್ಡು ಓದಿದ್ದು ಹೇಗೆ?

ನಾನು ನಿದ್ದೆ ಮಾಡಿರಲೇ ಇಲ್ಲ. ಹತ್ತು ನಿಮಿಷಕ್ಕೇ ಅನುಮಾನ ಬಂದಿತ್ತು. ಪಕ್ಕದವರನ್ನು ಕೇಳೋಕೆ ನಾಚಿಕೆ, ಧಡಕ್ಕನೆ ಎದ್ದು ಇಳಿದರೆ ಎಲ್ಲರೂ ನೋಡುತ್ತಾರೆ ಅನ್ನೋ ಮುಜುಗರ, ಅಷ್ಟಕ್ಕೇ ಕೂತೇ ಇದ್ದೆ. "ಗೊತ್ತಾಗ್ಲಿಲ್ವೇನಮ್ಮಾ?" ಅಂತ ಟಿಕೆಟ್ ನೋಡುವವರು ಕೇಳಿದಾಗ "ನಿದ್ದೆ ಬಂದುಬಿಟ್ಟಿತ್ತು" ಅಂದೆ. ನಾನು ಕಣ್ಣು ಬಿಟ್ಟುಕೊಂಡೇ ಕೂತಿದ್ದನ್ನು ಉದ್ದಕ್ಕೂ ನೋಡಿದ್ದ ಅಜ್ಜಿ, ಏನೂ ಹೇಳದೆ ಕಿಟಕಿ ಕಡೆ ತಿರುಗಿದರು. ಹತ್ತು ವರ್ಷದ ನನ್ನ ಜೋಕು ಶುರುವಾಗಿದ್ದು ಆ ಸುಳ್ಳಿನಿಂದ.

ಫ್ರೆಂಚ್ ಬರಹಗಾರ ಮಾಂಟೇನ್ ಒಮ್ಮೆ ಕುದುರೆಯಿಂದ ಬಿದ್ದು ಪ್ರಜ್ಞೆ ತಪ್ಪಿದ್ದ. ಅದನ್ನು ಬರೆಯುವಾಗ ಬಿದ್ದಿದ್ದನ್ನು ಹೇಳಿ ಸುಮ್ಮನಾಗುವುದಿಲ್ಲ, ಸಾವಿನ ಹತ್ತಿರ ಹೋದಾಗ ಒಳಗೆ ಏನಾಗುತ್ತದೆ ಅಂತ ಕೆದಕುತ್ತಾನೆ. 1580ರಲ್ಲಿ ಬಂದ ಅವನ ಪ್ರಬಂಧಗಳ ಪುಸ್ತಕದ ಹೆಸರಿಗೆ 'ಪ್ರಯತ್ನಗಳು' ಅಂತಲೇ ಅರ್ಥ. ಇದೆಲ್ಲ ಮೊದಲೇ ಓದಿದ್ದೆ. ತಲೆಗೆ ಹೋಗಿದ್ದು ಮಾತ್ರ ಆವತ್ತು.

ನಾನೂ ಕೆದಕಿದೆ. ತಪ್ಪು ಅಂತ ಗೊತ್ತಿದ್ದೂ ಇನ್ನೆಲ್ಲಿ ಹೀಗೆ ಕೂತಿದ್ದೆ? ಮೊದಲ ಕೆಲಸದಲ್ಲಿ, ಎರಡು ವರ್ಷ. ಅದನ್ನು ರೈಲಿನ ಪಕ್ಕದಲ್ಲಿಟ್ಟೆ, ಎರಡಕ್ಕೂ ಏನು ಸಂಬಂಧ ಅಂತ ವಿವರಿಸಲಿಲ್ಲ. ಸಹೋದ್ಯೋಗಿಗಳ ಗುರುತು ಸಿಗದ ಹಾಗೆ ನೋಡಿಕೊಂಡೆ. ಕತ್ತರಿ ಹಾಕಿದ್ದೇ ಜಾಸ್ತಿ: 1,800 ಪದ 900ಕ್ಕೆ ಇಳಿಯಿತು. ಪ್ರಯಾಣ ಅಂದರೆ ನನಗೆ ಎಷ್ಟು ಇಷ್ಟ ಅನ್ನೋ ಮೊದಲ ಮೂರು ಪ್ಯಾರಾ ಹೋಯಿತು, ಕೊನೆಯ "ಇದರಿಂದ ನಾನು ಕಲಿತದ್ದು" ಕೂಡ. ಅಜ್ಜಿ ಬಾಯಲ್ಲಿ ಒಂದು ಒಳ್ಳೆ ಮಾತು ಆಡಿಸೋಣ ಅಂತ ತುಂಬಾ ಆಸೆಯಾಗಿತ್ತು. ಒಂದು ದಿನ ಆಡಿಸಿಯೂ ಬಿಟ್ಟಿದ್ದೆ. ಮರುದಿನ ಅಳಿಸಿದೆ. ಅವರು ಏನೂ ಹೇಳಿರಲಿಲ್ಲ, ಅದೇ ತಾನೇ ಇಷ್ಟು ವರ್ಷ ಚುಚ್ಚಿದ್ದು. ಪ್ರಬಂಧ ಅವರು ಕಿಟಕಿ ಕಡೆ ತಿರುಗುವಲ್ಲಿಗೆ ಮುಗಿಯಿತು.

ಎರಡು ತಿಂಗಳ ನಂತರ ಅದು ಪ್ರಕಟವಾಯಿತು. ಮೊನ್ನೆ ಮತ್ತೆ ಒಂದಷ್ಟು ಜನ ಸೇರಿದ್ದೆವು. ಓದದೇ ಇದ್ದ ಒಬ್ಬ ಗೆಳತಿ "ಆ ರೈಲಿಂದು ಹೇಳೇ" ಅಂದಳು. ಶುರು ಮಾಡಿದೆ, ಕಣ್ಣುಜ್ಜಿಕೊಳ್ಳುವ ಜಾಗ ಬಂತು, ಕೈ ಮೇಲೇಳಲಿಲ್ಲ.