ಸಹಿಯಿರುವ ಕಲ್ಲಚ್ಚಿನ ಮುಖಚಿತ್ರ: ನಾನು ನೋಡುವ, ಬೆಲೆ ಕಟ್ಟುವ ಬಗೆ

ಸಹಿ ಹಾಕಿ ಸಂಖ್ಯೆ ಬರೆದ ಲಿಥೋಗ್ರಾಫ್, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದ ಮುಖಚಿತ್ರವನ್ನು ಯಾರಾದರೂ ತೋರಿಸಿದರೆ ನಾನು ಮೊದಲು ಕೇಳುವುದು, "ಫ್ರೇಮಿನಿಂದ ತೆಗೆದು ತೋರಿಸ್ತೀರಾ?" ಗಾಜಿನ ಹಿಂದಿರುವ ಚಿತ್ರಕ್ಕೆ ನಾನು ಬೆಲೆ ಹೇಳುವುದಿಲ್ಲ. ಮಾರುವವರು ಹಿಂದೇಟು ಹಾಕಿದರೆ ಮಾತು ಅಲ್ಲಿಗೇ ನಿಂತಿತು.

ಹಾಳೆ ಕೈಗೆ ಬಂದ ಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಚಿತ್ರದಲ್ಲಿರುವವರ ಕೆನ್ನೆಯ ಮೇಲೆ, ಬೆಳಕು ನೆರಳಿಗೆ ತಿರುಗುವ ಕಡೆ ಇಡುತ್ತೇನೆ. ಕಲ್ಲಿನ ಮೇಲೆ ಜಿಡ್ಡಿನ ಕ್ರೆಯಾನಿನಿಂದ ಬರೆದದ್ದಾದರೆ ಅಲ್ಲಿ ಒಂದರಂತೆ ಇನ್ನೊಂದಿಲ್ಲದ ಕಪ್ಪು ಕಣಗಳು ಕಾಣುತ್ತವೆ. ಕೈ ಒತ್ತಿದಲ್ಲಿ ದಟ್ಟ, ಹಗುರಾದಲ್ಲಿ ವಿರಳ. ಕಲ್ಲನ್ನು ಪುಡಿ ಹಾಕಿ ಉಜ್ಜಿ ತರಿ ಮಾಡಿರುತ್ತಾರಲ್ಲ, ಆ ತರಿಯೇ ಕಾಗದಕ್ಕೂ ಇಳಿದಿರುತ್ತದೆ. ಆಫ್‌ಸೆಟ್ ಯಂತ್ರದಲ್ಲಿ ತೆಗೆದ ನಕಲಾದರೆ ಚುಕ್ಕೆಗಳು ಅಚ್ಚುಕಟ್ಟಾಗಿ ಸಾಲುಗಟ್ಟಿರುತ್ತವೆ. ಬಣ್ಣದ್ದಾದರೆ ಪುಟ್ಟ ಹೂಗಳ ಹಾಗೆ ಗುಂಪಾಗಿರುತ್ತವೆ. 1796ರ ಸುಮಾರಿಗೆ ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಈ ಕಲ್ಲಚ್ಚಿನ ವಿಧಾನದ ಜೀವಾಳ ಎಣ್ಣೆ-ನೀರು ಬೆರೆಯದಿರುವುದು: ಒದ್ದೆ ಮಾಡಿದ ಕಲ್ಲಿನಲ್ಲಿ ಜಿಡ್ಡು ಇರುವ ಕಡೆ ಮಾತ್ರ ಶಾಯಿ ಹಿಡಿಯುತ್ತದೆ. ಉಳಿ ಹಿಡಿದು ಗೆರೆ ಕೊರೆಯಬೇಕಿಲ್ಲ; ಕಲಾವಿದನ ಕೈ ಆಡಿದ್ದು ಆಡಿದಂತೆಯೇ ಅಚ್ಚಾಗುತ್ತದೆ. ಮುಖಚಿತ್ರಕ್ಕೆ ಇಷ್ಟು ಒಗ್ಗುವ ಮುದ್ರಣ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಸಹಿ ಸಾಮಾನ್ಯವಾಗಿ ಕೆಳಗಡೆ ಬಲಕ್ಕೆ, ಪೆನ್ಸಿಲಿನಲ್ಲಿರುತ್ತದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲಿನ ಗೀಟು ಬೂದುಬಣ್ಣಕ್ಕೆ ಹೊಳೆಯುತ್ತದೆ. ಚಿತ್ರದ ಜೊತೆಗೇ ಅಚ್ಚಾದ ಸಹಿಗೆ ಆ ಹೊಳಪಿಲ್ಲ. ಹಾಗಂತ ನಿಜವಾದ ಸಹಿಯೊಂದೇ ಸಾಲದು. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಖಾಲಿ ಹಾಳೆಗಳಿಗೇ ಸಹಿ ಹಾಕಿಕೊಟ್ಟಿದ್ದರಿಂದ ಅವರ ಮುದ್ರಣಗಳ ಮಾರುಕಟ್ಟೆಯೇ ಕಲಕಿಹೋಯಿತು.

ಕೆಳಗಡೆ ಎಡಕ್ಕೆ ಬರೆದ 12/75 ಎಂದರೆ ಎಪ್ಪತ್ತೈದು ಪ್ರತಿಗಳಲ್ಲಿ ಹನ್ನೆರಡನೆಯದು. ಸಣ್ಣ ಸಂಖ್ಯೆಗೆ ಹೆಚ್ಚು ಬೆಲೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆ ಬಗೆಯ ಮುದ್ರಣದಲ್ಲಿ ಬಳಸುವ ತೆಳುಗೆರೆಯ ತಾಮ್ರದ ತಗಡು ಸವೆಯುವಷ್ಟು ಬೇಗ ಕಲ್ಲು ಸವೆಯದು. ಮೇಲಾಗಿ ಅಚ್ಚಾದ ಕ್ರಮದಲ್ಲೇ ಸಂಖ್ಯೆ ಬರೆದಿರುತ್ತಾರೆ ಎಂಬ ಖಾತರಿಯೂ ಇಲ್ಲ. ಒಟ್ಟು ಎಷ್ಟು ಪ್ರತಿ, ಕಲಾವಿದರು ತಮಗೆಂದು ಇಟ್ಟುಕೊಂಡ 'ಎ.ಪಿ.' ಪ್ರತಿಗಳು ಎಷ್ಟು, ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಿಂದ ರವಿವರ್ಮನ ಲಕ್ಷ್ಮಿ, ಸರಸ್ವತಿಯರನ್ನು ತಂದು "ಸಹಿ ಇದೆ ನೋಡಿ ಸಾರ್" ಅನ್ನುವವರು ಇದ್ದಾರೆ. ಅದು ಅಚ್ಚಾದ ಹೆಸರು. 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋನಾವಳ ಬಳಿಯ ಮಳವಲಿಗೆ ಹೋದ ರವಿವರ್ಮನ ಪ್ರೆಸ್ಸು ದೇವರನ್ನು ಮನೆಮನೆಗೆ ಮುಟ್ಟಿಸಲು ಹೊರಟದ್ದು. ಪ್ರತಿಗಳಿಗೆ ಮಿತಿ ಹಾಕುವುದು ಅದರ ಉದ್ದೇಶವಾಗಿರಲಿಲ್ಲ. ಅವನ್ನೂ ನಾನು ಪ್ರೀತಿಯಿಂದಲೇ ಕೂಡಿಟ್ಟಿದ್ದೇನೆ, ಆದರೆ ಅವುಗಳ ಲೆಕ್ಕ ಬೇರೆ: ಪ್ರೆಸ್ಸಿನ ಹೆಸರು, ಬಣ್ಣ ಉಳಿದ ರೀತಿ, ಮೇಲೆ ಹೊಲಿದ ಜರಿ-ಮಣಿಯ ಕೆಲಸ.

ಬೆಲೆ ಕಟ್ಟುವಾಗ ಅದೇ ಕಲಾವಿದರ ಬೇರೆ ಚಿತ್ರ ಎಷ್ಟಕ್ಕೆ ಹೋಯಿತು ಅನ್ನುವುದು ಉಪಯೋಗಕ್ಕೆ ಬರುವುದಿಲ್ಲ. ಇದೇ ಚಿತ್ರದ ಇನ್ನೊಂದು ಪ್ರತಿ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಅದು ಯಾವ ಸ್ಥಿತಿಯಲ್ಲಿತ್ತು, ಆ ಮೊತ್ತದಲ್ಲಿ ಹರಾಜಿನವರ ಕಮಿಷನ್ ಸೇರಿದೆಯೇ, ಇಷ್ಟು ನೋಡುತ್ತೇನೆ. ಆಮೇಲೆ ಕಳೆಯುವ ಲೆಕ್ಕ. ಫ್ರೇಮಿಗೆ ಕೂರಿಸಲು ಅಂಚು ಕತ್ತರಿಸಿದ್ದರೆ ದೊಡ್ಡ ಕಡಿತ. ಅಗ್ಗದ ಮೌಂಟ್ ಬೋರ್ಡಿನ ಹುಳಿಯಿಂದ ಚಿತ್ರದ ಸುತ್ತ ಕಂದು ಚೌಕಟ್ಟು ಮೂಡಿದ್ದರೆ, ಹಿಂದೆ ಸೆಲೋಟೇಪ್ ಅಂಟಿಸಿದ್ದರೆ, ಇನ್ನಷ್ಟು. ಬಂಗಾರದ ಅಕ್ಷರದ ಪ್ರಮಾಣಪತ್ರಕ್ಕಿಂತ ಮೊದಲು ಕೊಂಡವರ ಹಳೇ ರಸೀದಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹೊಸದಾಗಿ ಕೂಡಿಡುವವರಿಗೆ ಜನವರಿಯ ಚಿತ್ರಸಂತೆಗಿಂತ ಒಳ್ಳೆಯ ಜಾಗ ನಮ್ಮ ಬೆಂಗಳೂರಿನಲ್ಲಿಲ್ಲ. ಕುಮಾರಕೃಪಾ ರಸ್ತೆಯಲ್ಲಿ ಕೂತ ಕಲಾವಿದರನ್ನೇ ಕೇಳಬಹುದು: ಕಲ್ಲಿನದೋ, ತಗಡಿನದೋ? ಎಷ್ಟು ಪ್ರತಿ ತೆಗೆದಿರಿ? ತೆಗೆದ ಮೇಲೆ, ಮತ್ತೆ ಅಚ್ಚು ತೆಗೆಯಲಾಗದಂತೆ, ಕಲ್ಲು ಉಜ್ಜಿದಿರಾ? ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿ, ಅವರ ಕೈಯಲ್ಲೇ ಸಹಿ ಹಾಕಿಸಿಕೊಳ್ಳಿ. ಮನೆಗೆ ತಂದ ಮೇಲೆ ಬಚ್ಚಲಮನೆಗೆ ಅಂಟಿದ ಗೋಡೆಗೆ ಮಾತ್ರ ತೂಗುಹಾಕಬೇಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಅಲ್ಲೇ ಮೊದಲು. ಆಮ್ಲವಿಲ್ಲದ ಮೌಂಟ್ ಹಾಕಿಸಿ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ಚೂರು ಅಂಟಿಸಿದರೆ ಗಾಳಿಯಾಡುತ್ತದೆ.