ಪಾತರಗಿತ್ತಿಯ ರೆಕ್ಕೆ ಸುರುಟುವುದೇಕೆ? ತಡೆಯುವುದು ಹೇಗೆ?

ಏಪ್ರಿಲ್ ತಿಂಗಳ ಒಂದು ಬೆಳಗು. ಕಲಬುರಗಿಯ ನಮ್ಮ ಮನೆ ಮಾಳಿಗೆಯ ಕರಿಬೇವಿನ ಗಿಡದಿಂದ ಹುಳು ತಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಕಿದ್ದೆವು. ಅದು ಕೋಶವಾಗಿ, ಕೋಶ ಅವತ್ತು ಒಡೆದಿತ್ತು. ಹೊರಬಂದ ನಿಂಬೆ ಚಿಟ್ಟೆ ಡಬ್ಬಿಯ ತಳದಲ್ಲಿ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಬಲಗಡೆಯ ರೆಕ್ಕೆಗಳು ನೆಟ್ಟಗಿದ್ದವು. ಎಡಗಡೆಯವು ಹಿಂಡಿ ಬಿಸಾಕಿದ ಅರಿವೆಯಂತೆ ಸುರುಟಿ, ಹಾಗೇ ಒಣಗಿಹೋಗಿದ್ದವು.

‘ಅಪ್ಪಾ, ಇದಕ್ಕ ಏನ್ ಬ್ಯಾನಿ ಆಗ್ಯಾದ?’ ಎಂದಳು ಮಗಳು.

ಬ್ಯಾನಿ ಆಗಿರಲಿಲ್ಲ. ಡಬ್ಬಿಯ ಗೋಡೆ ನುಣುಪಾಗಿತ್ತು, ಏರಿ ಜೋತುಬೀಳಲು ಒಂದು ಕಡ್ಡಿಯೂ ಇರಲಿಲ್ಲ. ಇಡಬೇಕಾಗಿದ್ದವನು ನಾನು. ಮಕ್ಕಳ ಜೊತೆ ಮನೆಯಲ್ಲಿ ಹುಳು ಸಾಕುವವರು ಈ ತಪ್ಪು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹರಿದದ್ದೋ, ಸುರುಟಿದ್ದೋ?

ಮೊದಲು ಇದನ್ನು ಗುರುತಿಸಿ. ಎರಡೂ ಕಡೆಯ ರೆಕ್ಕೆಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಆಕಾರದ ತುಂಡು ಹೋಗಿದ್ದರೆ ಚಿಟ್ಟೆ ರೆಕ್ಕೆ ಮಡಚಿ ಕೂತಾಗ ಹಕ್ಕಿಯೋ ಓತಿಕ್ಯಾತವೋ ಕಚ್ಚಿದೆ ಎಂದರ್ಥ. ಅಂಚು ಚಿಂದಿಯಾಗಿ, ಬಣ್ಣದ ಪುಡಿ ಉದುರಿ ಮಾಸಿದ್ದರೆ ಅದು ವಯಸ್ಸಾದ ಚಿಟ್ಟೆ. ಬಣ್ಣ ಹೊಸದಾಗಿದ್ದು, ಅಂಚು ಪೂರ್ತಿಯಿದ್ದು, ರೆಕ್ಕೆ ಮಾತ್ರ ಬಿಚ್ಚಿಕೊಂಡಿಲ್ಲವಾದರೆ ಅದೇ ನಾವು ಹುಡುಕುವ ಊನ. ಮೊದಲ ಮಳೆಯ ರಾತ್ರಿ ದೀಪದ ಕೆಳಗೆ ರಾಶಿ ಬೀಳುವ ರೆಕ್ಕೆಗಳನ್ನು ನೋಡಿ ಗಾಬರಿಯಾಗಬೇಡಿ. ಗೆದ್ದಲುಗಳು ಅವನ್ನು ತಾವೇ ಕಳಚಿಕೊಳ್ಳುತ್ತವೆ.

ಆ ಒಂದು ತಾಸು

ಚಿಟ್ಟೆ ಕೋಶದಿಂದ ಬರುವಾಗ ರೆಕ್ಕೆ ಸಣ್ಣದಾಗಿ, ಒದ್ದೆಯಾಗಿ, ದಪ್ಪನಾಗಿ ಇರುತ್ತದೆ. ಅದು ಒಂದು ಆಸರೆ ಹಿಡಿದು ರೆಕ್ಕೆಗಳನ್ನು ಕೆಳಕ್ಕೆ ಇಳಿಬಿಟ್ಟು, ಹೊಟ್ಟೆಯನ್ನು ಅಮುಕುತ್ತ ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ತುಂಬುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ರೆಕ್ಕೆ ಪೂರ್ತಿ ಅಗಲವಾಗುತ್ತದೆ. ಆಮೇಲೆ ಒಂದೆರಡು ತಾಸು ಅಲ್ಲಾಡದೆ ನೇತಾಡಿ ಒಣಗಬೇಕು. ಕೆಂಪು ಅಥವಾ ಕಂದು ಹನಿಗಳು ಉದುರಿದರೆ ರಕ್ತವೆಂದು ಹೆದರಬೇಡಿ, ಕೋಶದಲ್ಲಿ ಕೂಡಿಟ್ಟ ಕಸವನ್ನು ಹೊರಹಾಕುತ್ತಿದೆ ಅಷ್ಟೇ. ಇದೇ ಹೊತ್ತಿನಲ್ಲಿ ಎರಡು ಸೀಳಾಗಿರುವ ಸೊಂಡಿಲನ್ನು ಸುರುಳಿ ಬಿಚ್ಚಿ, ಸುತ್ತಿ, ಒಂದಾಗಿ ಹೊಲಿದುಕೊಳ್ಳುತ್ತದೆ. ಅದು ಕೂಡದಿದ್ದರೆ ರೆಕ್ಕೆ ಸರಿಯಿದ್ದರೂ ಚಿಟ್ಟೆ ಉಪವಾಸ ಬೀಳುತ್ತದೆ.

ಈ ತಾಸಿನಲ್ಲಿ ಕೆಳಗೆ ಬಿದ್ದರೆ, ಜಾಗ ಸಾಲದೆ ರೆಕ್ಕೆ ಗೋಡೆಗೆ ತಾಗಿದರೆ, ಮಡಿಕೆ ಹಾಗೇ ಗಟ್ಟಿಯಾಗುತ್ತದೆ. ಚಿಟ್ಟೆಯಾದ ಮೇಲೆ ಅದು ಮತ್ತೆ ಪೊರೆ ಕಳಚುವುದಿಲ್ಲ, ಆದ್ದರಿಂದ ಊನ ಸರಿಹೋಗುವ ಹಾದಿಯೂ ಇಲ್ಲ. ಕೆರೆದಂಡೆಯ ಏರೋಪ್ಲೇನ್ ಚಿಟ್ಟೆಗೂ ಇದೇ ಗತಿ: ನೀರಿನಿಂದ ದಂಟೇರಿ ಪೊರೆ ಬಿಚ್ಚುವಾಗ ಗಾಳಿ ಹೊಡೆದರೆ ರೆಕ್ಕೆ ಮಡಚಿಕೊಳ್ಳುತ್ತದೆ.

ಕೋಶ ಇಡುವ ಬಗೆ

ಡಬ್ಬಿ ಬಿಟ್ಟುಬಿಡಿ. ಅಗಲವಾದ ಬುಟ್ಟಿಗೆ ಹಳೆಯ ಸೊಳ್ಳೆ ಪರದೆ ಕಟ್ಟಿ. ಒಳಗೆ ಒರಟಾದ ಕಡ್ಡಿ ನಿಲ್ಲಿಸಿ; ನಮ್ಮ ಕಡೆ ತೊಗರಿ ಕಟ್ಟಿಗೆಗಿಂತ ಒಳ್ಳೆಯದು ಸಿಗಲಾರದು. ಕೋಶದ ಕೆಳಗೆ ರೆಕ್ಕೆಯ ಉದ್ದದ ಎರಡರಷ್ಟಾದರೂ ಖಾಲಿ ಜಾಗ ಬೇಕು.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕೋಶದ ಸಿಪ್ಪೆ ಒಣಗಿ ಮೈಗೆ ಅಂಟಿಕೊಂಡರೆ ಚಿಟ್ಟೆ ಅರ್ಧಕ್ಕೇ ಸಿಕ್ಕಿಬೀಳುತ್ತದೆ. ಬುಟ್ಟಿಯನ್ನು ನೆರಳಿನಲ್ಲಿಡಿ, ಪಕ್ಕದಲ್ಲಿ ಒದ್ದೆ ಅರಿವೆ ಹಾಕಿ, ಮುಂಜಾನೆ ಸಂಜೆ ಕೈಯಿಂದ ನೀರು ಸಣ್ಣಗೆ ಚಿಮುಕಿಸಿ. ಕೋಶ ತೊಯ್ಯಬಾರದು. ಕೂಲರ್, ಫ್ಯಾನುಗಳ ನೇರ ಗಾಳಿಯೂ ಬೇಡ.

ನಿಂಬೆ ಚಿಟ್ಟೆಯ ಕೋಶ ನಡುವಿಗೆ ನೂಲು ಕಟ್ಟಿಕೊಂಡು ಒರಗಿರುತ್ತದೆ. ನೂಲು ಹರಿದು ಬಿದ್ದರೆ ಕಾಗದದ ಸಣ್ಣ ಪೊಟ್ಟಣ ಸುತ್ತಿ, ತಲೆ ಮೇಲಾಗುವಂತೆ ಅದರಲ್ಲಿ ಕೂರಿಸಿ ಕಡ್ಡಿಗೆ ಅಂಟಿಸಿ. ಎಕ್ಕಿ ಗಿಡದ ಕಿತ್ತಳೆ ಚಿಟ್ಟೆಯದು ತಲೆಕೆಳಗಾಗಿ ನೇತಾಡುವ ಕೋಶ, ಅದರ ತುದಿಯ ರೇಷ್ಮೆಗೆ ದಾರ ಕಟ್ಟಿ ತೂಗುಹಾಕಿ.

ಕಣ್ಣೆದುರಿಗೇ ಬಿದ್ದರೆ ಕಾಯಬೇಡಿ. ರೆಕ್ಕೆ ಮೆತ್ತಗಿರುವಾಗಲೇ ಕಾಲಿಗೆ ಕಡ್ಡಿ ಕೊಟ್ಟರೆ ತಾನೇ ಏರುತ್ತದೆ. ರೆಕ್ಕೆಯನ್ನು ಬೆರಳಿನಿಂದ ಬಿಡಿಸಲು ಮಾತ್ರ ಹೋಗಬೇಡಿ.

ರೋಗ, ಔಷಧಿ

ಎಲ್ಲವೂ ಬಿದ್ದದ್ದರಿಂದಲೇ ಆಗುವುದಿಲ್ಲ. ಅಮೆರಿಕದ ಮೊನಾರ್ಕ್ ಚಿಟ್ಟೆಗೆ ಓಫ್ರಿಯೊಸಿಸ್ಟಿಸ್ ಎಂಬ ಏಕಕೋಶಿ ಪರಾವಲಂಬಿ ತಗಲುತ್ತದೆ. ತಾಯಿಯ ಮೈಯಿಂದ ಉದುರಿದ ಬೀಜಕಣಗಳನ್ನು ಮರಿಹುಳು ಎಲೆ, ಮೊಟ್ಟೆಸಿಪ್ಪೆಗಳ ಜೊತೆ ತಿನ್ನುತ್ತದೆ. ಸೋಂಕು ಜೋರಾದರೆ ರೆಕ್ಕೆ ಬಿಚ್ಚಲಾಗದ ಚಿಟ್ಟೆ ಹುಟ್ಟುತ್ತದೆ. ಹೊಟ್ಟೆಗೆ ಪಾರದರ್ಶಕ ಟೇಪ್ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳು ಕಾಣುತ್ತವೆ. ನಮ್ಮ ಎಕ್ಕಿ ಗಿಡದ ಚಿಟ್ಟೆ ಅದೇ ಕುಲದ್ದು. ಒಂದೇ ಬುಟ್ಟಿಯಲ್ಲಿ ಹತ್ತಾರು ಹುಳು ತುಂಬದೆ, ಒಂದು ಸರದಿ ಮುಗಿದ ಮೇಲೆ ಬುಟ್ಟಿ ತೊಳೆದು ಬಿಸಿಲಿಗಿಡುವುದು ಒಳ್ಳೆಯದು.

ಜೇನುಪೆಟ್ಟಿಗೆಯ ಮುಂದೆ ಮುದುಡಿದ ರೆಕ್ಕೆಯ ನೊಣಗಳು ತೆವಳುತ್ತಿದ್ದರೆ ಅದು ಬೇರೆ ಕತೆ. ವರೋವಾ ಎಂಬ ನುಸಿ ಗೂಡಿನ ಕಣ್ಣಿನೊಳಗಿನ ಮರಿಯನ್ನು ಹೀರುತ್ತ, ರೆಕ್ಕೆ ಕೆಡಿಸುವ ವೈರಸ್ಸನ್ನು ಅದಕ್ಕೆ ದಾಟಿಸುತ್ತದೆ. ಅಲ್ಲಿ ಪೆಟ್ಟಿಗೆಯ ನುಸಿಗೆ ಮದ್ದು ನೋಡಬೇಕು.

ಇನ್ನು ತೊಗರಿ ಹೊಲ. ಕಾಯಿಕೊರಕಕ್ಕೆ ಹೊಡೆಯುವ ಔಷಧಿಗಳಲ್ಲಿ ನೊವಾಲ್ಯುರಾನ್, ಲುಫೆನ್ಯುರಾನ್‌ನಂಥವು ಹುಳು ಹೊಸ ಪೊರೆ ಕಟ್ಟಿಕೊಳ್ಳುವುದನ್ನೇ ತಡೆಯುತ್ತವೆ. ಬೇವಿನ ಬೀಜದ ಕಷಾಯವೂ ಪೊರೆ ಕಳಚುವ ಹಾರ್ಮೋನನ್ನು ಕದಡುತ್ತದೆ. ಸಾಯುವಷ್ಟು ತಗಲದೆ ಸ್ವಲ್ಪವೇ ತಗಲಿದ ಹುಳು ಊನ ರೆಕ್ಕೆಯ ಚಿಟ್ಟೆಯಾಗಬಹುದು. ಬದುವಿನ ಎಕ್ಕಿ ಗಿಡಕ್ಕೆ ಗಾಳಿಯಲ್ಲಿ ಹನಿ ಬಂದು ಕೂತಿರುತ್ತದೆ, ಸಂತೆಯ ಕರಿಬೇವಿಗೂ ಹೊಡೆದಿರುತ್ತಾರೆ. ಔಷಧಿ ಮುಟ್ಟದ ಮನೆಯ ಗಿಡದ ಎಲೆಯನ್ನೇ ಹಾಕಿ.

ಒಂದು ಚಿಟ್ಟೆ ಸುರುಟಿದರೆ ಆಸರೆ ನೋಡಿ. ಒಂದೇ ಗಿಡದ ನಾಲ್ಕಾರು ಸುರುಟಿದರೆ ತಾರೀಕು, ಗಿಡ, ಹತ್ತಿರದ ಸಿಂಪಡಣೆ ಎಲ್ಲ ಬರೆದಿಡಿ. 2011ರ ಫುಕುಶಿಮಾ ಅಣು ದುರಂತದ ನಂತರ ಜಪಾನಿನ ಸಂಶೋಧಕರು ಪುಟ್ಟ ನೀಲಿ ಚಿಟ್ಟೆಗಳ ರೆಕ್ಕೆ ನೋಡಿ ಅಷ್ಟಕ್ಕೇ ಬಿಡಲಿಲ್ಲ. ದೂರದ ಒಕಿನಾವಾಕ್ಕೆ ಒಯ್ದು ಅವುಗಳ ಮರಿ, ಮೊಮ್ಮರಿಗಳನ್ನು ಸಾಕಿ, ಊನ ಮುಂದುವರಿಯುತ್ತದೆಯೇ ಎಂದು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು.

ಹಾರಲಾಗದ ಚಿಟ್ಟೆಯನ್ನು ಹೊರಗೆ ಬಿಟ್ಟರೆ ಇರುವೆಗಳ ಪಾಲು. ಒಂದು ಪಾಲು ಸಕ್ಕರೆಗೆ ಹತ್ತು ಪಾಲು ನೀರು ಬೆರೆಸಿ, ಹತ್ತಿ ಅದ್ದಿ, ಅದರ ಮೇಲೆ ಕಾಲು ಊರುವಂತೆ ಕೂರಿಸಿ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಲ್ಲಿ, ಸೊಂಡಿಲು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮದು ಹಾಗೆ ಆರು ದಿನ ಬದುಕಿತು. ಹತ್ತಿ ಒದ್ದೆ ಮಾಡುವ ಕೆಲಸ ಮಗಳದಾಗಿತ್ತು. ಈಗ ಬುಟ್ಟಿಯಲ್ಲಿ ನಾಲ್ಕು ತೊಗರಿ ಕಡ್ಡಿಗಳಿವೆ, ಮೂರು ಕೋಶಗಳಿವೆ. ಒಂದರ ಸಿಪ್ಪೆ ನಿನ್ನೆ ರಾತ್ರಿಯಿಂದ ತೆಳುವಾಗಿ, ಒಳಗಿನ ರೆಕ್ಕೆಯ ಹಳದಿ ಚುಕ್ಕಿಗಳು ಕಾಣುತ್ತಿವೆ.